ಮತ್ತಿ ತೊಗಟೆಯಲ್ಲಿ ಬೆಂದ ಟೊಪ್ಪಿ

ಪಾಂಡು ಮೊಗವೀರನ ಬಲೆಯ ಬಗ್ಗೆ ಗಂಗೊಳ್ಳಿ ಬಂದರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಸತ್ಯ ಯಾರೂ ಹೇಳುವುದಿಲ್ಲ. ಸತ್ಯಕ್ಕಿಂತ ಒಂದು ಮುಷ್ಟಿ ಹೆಚ್ಚೇ ಹೇಳುತ್ತಾರೆ. ಅವನು ಎಳೆಪ್ರಾಯದಲ್ಲಿ ಹಾಕಿದ ಒಂದು ಗಂಟಿನಲ್ಲಿ ಸಿಕ್ಕಿಕೊಂಡ ಬಂಗುಡೆಯನ್ನು ಇವತ್ತಿಗೂ ಬಿಡಿಸಲಾಗಿಲ್ಲವಂತೆ. ಅದರ ಮರಿಮಕ್ಕಳು ಹಬ್ಬಕ್ಕೊಮ್ಮೆ ಬಂದು ಅಜ್ಜನನ್ನು ಮಾತಾಡಿಸಿ ಹೋಗುತ್ತವಂತೆ. ಇದನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೆ ಅವನು ಮನೆಯ ಸೊಳ್ಳೆಪರದೆಯ ತೂತು ಮುಚ್ಚಿದ್ದನ್ನು ಕಂಡಿದ್ದೇನೆ. ಒಳಗೆ ಉಳಿದ ಒಂದು ಸೊಳ್ಳೆ ಹೊರಗೆ ಬರುವ ದಾರಿ ಹುಡುಕಿ ಹುಡುಕಿ, ಹಸಿವಿನಿಂದಲ್ಲ, ಅವಮಾನದಿಂದ ಸತ್ತಿತು.

ಪ್ರಾಯ ಎಪ್ಪತ್ತರ ಆಸುಪಾಸು. ಒಣಗಿಸಿದ ಗೊಲಾಯಿ ಮೀನಿನಂಥ ಮೈ, ಕಿವಿಗೆ ಬಲೆದಾರದಲ್ಲಿ ಕಟ್ಟಿದ ಕನ್ನಡಕ. ಬಲೆಶೆಡ್ಡಿನ ಕಂಬಕ್ಕೆ ಬೆನ್ನು ಕೊಟ್ಟು, ಕಾಲು ನೀಡಿ, ಬಲೆಯ ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು ಹಿಡಿದರೆ ಮತ್ತೆ ಅವನ ಕೈ ಕಾಣಿಸುವುದಿಲ್ಲ, ಬರೀ ಗಾಳಿ ಅಲ್ಲಾಡುವುದು ಕಾಣಿಸುತ್ತದೆ. ಆ ಹೆಬ್ಬೆರಳು ಇಲ್ಲದೆ ಅವನಿಂದ ಏನೂ ಆಗದು. ಒಮ್ಮೆ ಅದಕ್ಕೆ ಮುಳ್ಳು ಹೆಟ್ಟಿದಾಗ ಬಂದರಿನ ಅರ್ಧ ಬೋಟುಗಳು ದಡದಲ್ಲೇ ಇದ್ದವು ಎಂದು ಹೇಳುತ್ತಾರೆ. ಅರ್ಧ ಅಲ್ಲ, ಒಂದೇ ಬೋಟು. ಅದೂ ಡೀಸೆಲ್ ಇಲ್ಲದೆ.

ಇಂಥ ಪಾಂಡು ಉಣ್ಣೆಯ ಟೊಪ್ಪಿ ಹೆಣೆದ ಕತೆ ಇದು. ತಲೆ, ಕಿವಿ, ಗದ್ದ, ಕುತ್ತಿಗೆ ಎಲ್ಲ ಮುಚ್ಚಿ ಮುಖಕ್ಕೆ ಮಾತ್ರ ಕಿಟಕಿ ಇಡುತ್ತಾರಲ್ಲ, ಮಂಕಿ ಕ್ಯಾಪ್, ಅದು.

ನಮ್ಮೂರಿಗೂ ಉಣ್ಣೆಗೂ ಸಂಬಂಧವಿಲ್ಲ. ನಮ್ಮಲ್ಲಿ ಚಳಿ ಎಂಬುದು ಉತ್ತರದಿಂದ ಹೊರಟು ಶಿರೂರು ಟೋಲಿನವರೆಗೆ ಬರುತ್ತದೆ, ಅಲ್ಲಿ ಸರತಿ ಸಾಲು ನೋಡಿ ಹಿಂದಕ್ಕೆ ತಿರುಗುತ್ತದೆ. ತಪ್ಪಿ ಒಂದು ಜನವರಿಯ ಬೆಳಿಗ್ಗೆ ಕುಂದಾಪುರದವರೆಗೆ ಬಂದರೂ ಗಂಜಿ ಉಣ್ಣುವಷ್ಟರಲ್ಲಿ ಬೆವರೊರೆಸಿಕೊಂಡು ಹೋಗುತ್ತದೆ. ಹೀಗಿರುವಾಗ ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ಪಾಂಡುವಿನ ಮೊಮ್ಮಗಳು ಪೂಜಿತಾ ಮನೆಗೆ ಓಡಿಬಂದು, ತಾನು ಹಿಮದಲ್ಲಿ ನಡೆಯಲು ಹೋಗುತ್ತೇನೆ ಎಂದಳು.

ಪೂಜಿತಾ ಕುಂದಾಪುರದ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಳು, ಎನ್‌ಸಿಸಿಯಲ್ಲಿದ್ದಳು. ಹಿಮಾಚಲದ ಕಡೆ ಹಿಮದ ಬೆಟ್ಟ ಹತ್ತುವ ಶಿಬಿರಕ್ಕೆ ಇಡೀ ಕಾಲೇಜಿನಿಂದ ಅವಳೊಬ್ಬಳನ್ನೇ ಆರಿಸಿದ್ದರು. ಸುದ್ದಿ ಕೇಳಿ ಪಾಂಡು ಬೀಗಿದ. ಆದರೆ ಆ ಮನೆಯಲ್ಲಿ ಯಾರು ಬೀಗಿದರೂ ಬೀಗದ ಕೈ ಇದ್ದದ್ದು ಸೊಸೆ ಸೀತುವಿನ ಸೊಂಟದಲ್ಲಿ. ಗಂಡ ಮಲ್ಪೆಯ ಬೋಟಿನಲ್ಲಿ ದುಡಿಯುತ್ತಿದ್ದ, ಮಳೆಗಾಲದಲ್ಲಿ ಮಾತ್ರ ಮನೆಗೆ ಬರುವ ಹಕ್ಕಿ. ಬೆಳಿಗ್ಗೆ ಹರಾಜಿನಲ್ಲಿ ಮೀನು ಹಿಡಿದು, ಕುಂದಾಪುರದ ಮಾರ್ಕೆಟ್ಟಿನಲ್ಲಿ ಮಾರಿ, ಮನೆ ನಡೆಸುತ್ತಿದ್ದವಳು ಸೀತು.

"ಕೊಡಚಾದ್ರಿ ಗಾಳಿಗೇ ಕೆಮಿ ಹಿಡ್ಕಂಡ್ ಕೂಗ್ದಳ್, ಈಗ ಹಿಮಾಲಯಕ್ಕೆ ಹೋತ್ಳಂಬ್ರ್," ಎಂದಳು ಸೀತು. "ಅಲ್ಲಿ ಕೆಮಿ ಉದ್ರಿ ಬಿದ್ರೆ ಹೆಕ್ಕುಕೆ ಯಾರ್ ಹೋಪುದ್?"

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಪೂಜಿತಾಗೆ ಸಣ್ಣದರಿಂದಲೂ ಕಿವಿನೋವು. ತಂಪುಗಾಳಿ ತಗುಲಿದರೆ ಸಾಕು. ಹೋದ ವರ್ಷ ಗೆಳತಿಯರ ಜೊತೆ ಕೊಡಚಾದ್ರಿಗೆ ಹೋಗಿ ಬಂದವಳು ಒಂದು ವಾರ ತಲೆದಿಂಬಿಗೆ ಕಿವಿ ಒತ್ತಿಕೊಂಡು ನರಳಿದ್ದಳು. ಮನೆಯವರೆಲ್ಲ ಆ ವಾರ ನಿದ್ದೆ ಕೆಟ್ಟಿದ್ದರು.

"ಅಲ್ಲಿ ಎಲ್ಲರೂ ಟೊಪ್ಪಿ ಹಾಕ್ತ್ರಮ್ಮ," ಎಂದಳು ಪೂಜಿತಾ.

"ಹಾಕ್ಲಿ. ಅವ್ರ ಕೆಮಿ ಅವ್ರಬ್ಬೆ ಕಾಂತ್ಳ್. ನಿನ್ನ ಕೆಮಿ ನಾನ್ ಕಾಣ್ಕ್. ಒಂಚೂರೂ ಗಾಳಿ ಹೊಗ್ದೇ ಇಪ್ಪ ಟೊಪ್ಪಿ ತಕಂಡ್ ಬಾ, ನನ್ನೆದ್ರ್ ತೋರ್ಸ್, ಮತ್ತ್ ಹೋಯ್ಲಕ್. ಇಲ್ದಿರೆ ಇಲ್ಲೇ ಕೂಕೊ."

ಸೀತು ಇಟ್ಟ ಪರೀಕ್ಷೆ ಸರಳ. ಟೊಪ್ಪಿಯನ್ನು ಬಾಯಿಗೆ ಹಿಡಿದು ಊದುತ್ತಾಳೆ. ಆಚೆ ಬದಿಯಲ್ಲಿ ಹಿಡಿದ ಅಂಗೈಗೆ ಉಸಿರು ತಗುಲಿತೋ, ಟೊಪ್ಪಿ ಫೇಲು. ಸೀತುವಿನ ಉಸಿರೆಂದರೆ ಸಾಮಾನ್ಯದ್ದಲ್ಲ. ಅವಳು ಒಲೆ ಊದಿದರೆ ಪಕ್ಕದ ಮನೆಯ ದೀಪ ಆರುತ್ತದೆ. ಕುಂದಾಪುರದ ಅಂಗಡಿಯಿಂದ ತಂದ ನೈಲಾನ್ ಟೊಪ್ಪಿಯನ್ನು ಅವಳು ಊದಿದಾಗ ಆಚೆ ಮಲಗಿದ್ದ ಬೆಕ್ಕಿನ ಮೀಸೆ ಹಾರಿತು. ಪೂಜಿತಾ ಮೊಬೈಲಿನಲ್ಲಿ ತರಿಸಿದ್ದು ಬೈಕಿನವರು ಹಾಕುವ ಕಪ್ಪು ಮುಸುಕು, ಬಾಯಿಯ ಜಾಗದಲ್ಲಿ ತಲೆಬುರುಡೆಯ ಹಲ್ಲು ಬೇರೆ.

"ಇದ್ ಹಾಕಂಡ್ ಬೆಟ್ಟಕ್ಕೆ ಹೋಪುದಾ, ಬ್ಯಾಂಕಿಗೆ ಹೊಗುದಾ?" ಎಂದು ಸೀತು ಅದನ್ನು ಊದಲೂ ಇಲ್ಲ.

ಪೂಜಿತಾಳ ಮುಖ ಸಣ್ಣದಾಯಿತು. ಅದನ್ನು ನೋಡಿ ಪಾಂಡುವಿಗೆ ಸುಮ್ಮನಿರಲಾಗಲಿಲ್ಲ.

"ನೂಲ್ ಇತ್ತಾ, ಕಣ್ಣ್ ಇತ್ತಾ, ಹಾಂಗಾರೆ ಅದ್ ಬಲೆಯೇ. ಟೊಪ್ಪಿ ಅಂದ್ರೆ ಎಂತ? ಮಂಡೆ ಹಿಡಿವ ಬಲೆ. ನಾ ಮಾಡಿ ಕೊಡ್ತೆ. ಪೂಜಿ, ನೀನ್ ಶೂ ತೊಳ್ದ್ ಇಡ್."

ಅಜ್ಜನ ಮಾತು ನಂಬಿ ಹುಡುಗಿ ಬಿಳಿ ಕ್ಯಾನ್ವಾಸ್ ಶೂ ತೊಳೆದು ಒಣಗಿಸಿ ಕಿಟಕಿಯಲ್ಲಿ ಇಟ್ಟಳು. ರೈಲು ಮೇ ತಿಂಗಳ ಮೊದಲ ವಾರ.

ಮರುದಿನವೇ ಪಾಂಡು ಫ್ಯಾನ್ಸಿ ಸ್ಟೋರಿನಿಂದ ಬಾಗಿಲ ತೋರಣದ ಬಣ್ಣದ ಉಲ್ಲನ್ನು ತಂದು ಬಲೆಸೂಜಿಗೆ ಸುತ್ತಿದ. ಒಂದೇ ದಿನದಲ್ಲಿ ಟೊಪ್ಪಿ ತಯಾರು. ಕಣ್ಣು ಕಣ್ಣಿಗೂ ಗಂಟು. ಬಲೆಶೆಡ್ಡಿನಲ್ಲಿ ಪಾಂಡುವಿನ ಪಕ್ಕದ ಕಂಬಕ್ಕೆ ಒರಗುವವನು ಚಂದಯ್ಯ. ಅವನ ಕೈ ಬಲೆ ಕಟ್ಟುತ್ತದೆ, ಬಾಯಿ ಪಾಂಡುವಿನ ತಪ್ಪು ಕಟ್ಟುತ್ತದೆ. ಎರಡೂ ಒಟ್ಟೊಟ್ಟಿಗೆ ಕಲಿತ ವಿದ್ಯೆ.

"ಹ್ವಾಯ್ ಪಾಂಡು, ಇದ್ ಮಂಡೆಗಾ, ಕಾಣೆ ಮೀನಿಗಾ?"

"ಮಂಡೆಗೇ. ಕಾಣ್ ಈಗ." ಪಾಂಡು ಸಂಜೆ ಕಾಲೇಜಿನಿಂದ ಬಂದ ಪೂಜಿತಾಳನ್ನು ಶೆಡ್ಡಿಗೇ ಕರೆದು ತಲೆಗೆ ಹಾಕಿಸಿದ.

ಹೋಗುವಾಗ ಸಲೀಸಾಗಿ ಹೋಯಿತು. ಆದರೆ ಕಣ್ಣುಬಲೆಯ ಗುಣವೇ ಅದು, ಒಳಗೆ ಹೋದದ್ದನ್ನು ಹಿಂದೆ ಬಿಡುವುದಿಲ್ಲ. ಜಡೆ ಒಂದು ಕಣ್ಣಿನಿಂದ ಹೊರಗೆ, ಒಂದು ಕಿವಿ ಇನ್ನೊಂದು ಕಣ್ಣಿನಿಂದ ಹೊರಗೆ, ಮೂಗು ಮೂರನೆಯದರಲ್ಲಿ. ಪಾಂಡು ಎಳೆದಷ್ಟೂ ಬಿಗಿಯಾಯಿತು.

"ಹಿಂದೆ ಎಳೀಬ್ಯಾಡ, ಕಿವಿರ್ ಸಿಕ್ಕತ್," ಎಂದು ಚಂದಯ್ಯ ಎದ್ದು ಬಂದ. "ಮುಂದಕ್ಕೆ ದೂಡ್. ಬಂಗುಡೆ ಬಿಡ್ಸುದ್ ಹ್ಯಾಂಗೆ, ಮರ್ತೋಯ್ತಾ?"

ಇಬ್ಬರೂ ಸೇರಿ ಹುಡುಗಿಯ ತಲೆಯನ್ನು ಬಂಗುಡೆಯಂತೆ ಮುಂದಕ್ಕೆ ದೂಡಿ ಬಿಡಿಸಿದರು. ಹರಾಜು ಕೂಗುವವನು ಅತ್ತ ನೋಡಿ ಅಭ್ಯಾಸಬಲದಿಂದ ಒಂದು ರೇಟು ಹೇಳಿಯೇ ಬಿಟ್ಟನಂತೆ.

"ಅಜ್ಜ, ನಂಗೊಬ್ರ್ ಟೀಚರ್ ಗೊತ್ತಿತ್ತ್," ಎಂದಳು ಪೂಜಿತಾ ಕೂದಲು ಸರಿಮಾಡಿಕೊಳ್ಳುತ್ತ.

ಆ ಟೀಚರ್ ಪಂಕಜಾಕ್ಷಿಯಮ್ಮ. ಪೂಜಿತಾಳ ಹೈಸ್ಕೂಲಿನಲ್ಲಿ ಹೊಲಿಗೆ, ಕಸೂತಿ ಕಲಿಸಿ ನಿವೃತ್ತರಾದವರು, ಸಾಲಿಗ್ರಾಮದಲ್ಲಿ ಮನೆ. ಗಂಡ ವಿಷ್ಣುಮೂರ್ತಿಗಳು ಡೆಹ್ರಾಡೂನಿನಲ್ಲಿ ಸರ್ವೇ ಇಲಾಖೆಯಲ್ಲಿ ದುಡಿದವರು. ಆ ಕಾಲದಲ್ಲಿ ಅವರಿಗೆಂದು ಪಂಕಜಾಕ್ಷಿಯಮ್ಮ ಶುದ್ಧ ಉಣ್ಣೆಯ ಸ್ವೆಟರು ಹೆಣೆದಿದ್ದರು. ಊರಿಗೆ ಬಂದ ಮೇಲೆ ಹಪ್ಪಳ, ಪಾಯಸ, ಮಧ್ಯಾಹ್ನದ ನಿದ್ದೆ ಸೇರಿ ವಿಷ್ಣುಮೂರ್ತಿಗಳ ಹೊಟ್ಟೆ ಸ್ವೆಟರಿನ ಗಡಿಯನ್ನು ಯಾವಾಗಲೋ ದಾಟಿತ್ತು. ಹುಡುಕಿಕೊಂಡು ಬಂದ ಅಜ್ಜನ ಕತೆ ಕೇಳಿ ಪಂಕಜಾಕ್ಷಿಯಮ್ಮ, ಒಳಗೆ ಹೋಗಿ ಸ್ವೆಟರ್ ತಂದು, ಅಂಚಿನ ಎಳೆ ಬಿಚ್ಚಿ ಪಾಂಡುವಿನ ಕೈಗಿತ್ತರು.

"ಇದ್ನ ಪೂರ್ತಿ ಬಿಚ್ಚಿ ಉಂಡೆ ಸುತ್ತಿ. ಇಂಥ ಉಣ್ಣೆ ಈಗ ನಮ್ಮ ಬದಿ ಸಿಕ್ಕುದಿಲ್ಲ. ಹಾಳು ಮಾಡ್ಬೇಡಿ, ಬೇರೆ ಇಲ್ಲ."

ಚಾವಡಿಯ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ ವಿಷ್ಣುಮೂರ್ತಿಗಳು ತಮ್ಮ ಯೌವನ ಎಳೆ ಎಳೆಯಾಗಿ ಹೊರಟು ಹೋಗುವುದನ್ನು ಪೇಪರಿನ ಮೇಲಿನಿಂದ ನೋಡಿದರು. ಎದ್ದು ಹೋಗಿ ತಮ್ಮ ಶಾಲನ್ನು ಕಪಾಟಿನಲ್ಲಿಟ್ಟು ಬಂದರು.

ಪಾಠ ಶುರುವಾಯಿತು. ಎರಡು ಕಡ್ಡಿ ಹಿಡಿಸಿದ್ದೇ ತಡ, ಪಾಂಡು ಕಾಲು ನೀಡಿ ಉಣ್ಣೆಯ ತುದಿಯನ್ನು ಹೆಬ್ಬೆರಳಿಗೆ ಸಿಕ್ಕಿಸಿದ.

"ಕಾಲು ಬೇಡ ಪಾಂಡು."

"ಕಾಲ್ ಇಲ್ದಿರೆ ಕೈ ಹೋತಿಲ್ಲೆ ಅಮ್ಮ."

"ಮಗು ಮುಖಕ್ಕೆ ಹಾಕುದು ಅದು."

"ತೊಳ್ಕಂಡೇ ಬಂದಿದೆ."

ಪಂಕಜಾಕ್ಷಿಯಮ್ಮ ಸೋತರು. ಆದರೆ ಪಾಂಡುವಿಗೆ ಅದಕ್ಕಿಂತ ದೊಡ್ಡ ಆಘಾತ ಕಾದಿತ್ತು. ಕುಣಿಕೆಯೊಳಗಿಂದ ಕುಣಿಕೆ ತೆಗೆಯುವುದನ್ನು ಅವರು ತೋರಿಸಿದರು. ಅವನು ನೋಡಿದ. ಇನ್ನೊಂದು ಸಾಲು ತೋರಿಸಿದರು. ಇನ್ನೂ ನೋಡಿದ.

"ಗಂಟ್ ಎಲ್ಲಿ?"

"ಗಂಟಿಲ್ಲ."

"ಎಲ್ಲಿಯೂ?"

"ಎಲ್ಲಿಯೂ ಇಲ್ಲ. ತುದಿ ಹಿಡಿದು ಎಳೆದರೆ ಪೂರ್ತಿ ಬಿಚ್ಚಿ ಬರ್ತದೆ."

ಪಾಂಡು ಕಡ್ಡಿ ಕೆಳಗಿಟ್ಟು ನೀರು ಕೇಳಿ ಕುಡಿದ. ಎಳೆದರೆ ಬಿಚ್ಚುವ ವಸ್ತುವನ್ನು ಮೈಮೇಲೆ ಹಾಕಿಕೊಂಡು ಜನ ಬೀದಿಯಲ್ಲಿ ಓಡಾಡುತ್ತಾರೆ ಎಂಬುದನ್ನು ನುಂಗಿಕೊಳ್ಳಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಕಲಿತ. ಕೈಗೆ ಬುದ್ಧಿ ಮೊದಲೇ ಇತ್ತು, ತಲೆಗೆ ಮಾತ್ರ ಒಪ್ಪಿಸಬೇಕಿತ್ತು. ಹೊರಡುವಾಗ ಪಂಕಜಾಕ್ಷಿಯಮ್ಮ ಬಾಗಿಲಿನವರೆಗೆ ಬಂದು ಹೇಳಿದರು:

"ಒಂದು ನೆನಪಿರ್ಲಿ. ಬಿಸಿನೀರು ಮುಟ್ಟಿಸ್ಲಿಕ್ಕಿಲ್ಲ. ತಣ್ಣೀರೇ."

"ಆಯ್ತಮ್ಮ," ಎಂದ ಪಾಂಡು. ತಣ್ಣೀರಿನ ಮಾತು ಒಂದು ಕಿವಿಯಿಂದ ಒಳಗೆ ಹೋಗಿ ಇನ್ನೊಂದರಿಂದ ಹೊರಬಿದ್ದು, ಸಾಲಿಗ್ರಾಮದ ಬಸ್‌ಸ್ಟಾಪಿನಲ್ಲೇ ಉಳಿಯಿತು.

ಅಲ್ಲಿಂದ ಪಾಂಡು ಬಸ್ಸಿನಲ್ಲಿ ಹೆಣೆದ, ಬಂದರಿನಲ್ಲಿ ಹೆಣೆದ, ಗಂಜಿ ತಣಿಯುವ ತನಕ ಹೆಣೆದ. ಕುಂದಾಪುರದಿಂದ ಗಂಗೊಳ್ಳಿಗೆ ಬರುವ ಬಸ್ಸಿನಲ್ಲಿ ಕಂಡಕ್ಟರನ ಚೀಲದ ದಾರವೂ ಸೇರಿಹೋಗಿ, ಆ ಮನುಷ್ಯ ಇಳಿಯುವ ಜಾಗ ಬಂದರೂ ಪಾಂಡುವಿನ ಜೊತೆಗೇ ಉಳಿದನಂತೆ. ಟೊಪ್ಪಿ ದಿನದಿಂದ ದಿನಕ್ಕೆ ಬೆಳೆಯಿತು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಲಿಲ್ಲ. ಇಡೀ ಸ್ವೆಟರಿನ ಉಣ್ಣೆ ಮುಗಿದಾಗಲೇ ಪಾಂಡು ನಿಲ್ಲಿಸಿದ್ದು.

ತಲೆಗೆ ಹಾಕಿದರೆ ಪೂಜಿತಾಳ ಸೊಂಟದವರೆಗೆ ಬಂತು. ಮುಖದ ಕಿಟಕಿಯಲ್ಲಿ ಅವಳ ಎರಡು ಭುಜವೂ ಸಲೀಸಾಗಿ ಹೊರಬರುತ್ತಿದ್ದವು.

"ಟೊಪ್ಪಿ ಚೆಂದ ಆಯ್ತ್," ಎಂದ ಚಂದಯ್ಯ. "ಇನ್ನೊಂದ್ ಇಬ್ರ್ ಹಿಡೀತ್ರ್. ಯಾರನ್ನಾರೂ ಜೊತಿಗೆ ಕಳ್ಸುದಾ?"

"ಬಾಯ್ ಮುಚ್ಚ್. ಇನ್ನೂ ಬೇಯ್ಸುಕಿತ್ತ್."

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ಈಗ ಬಲೆ ಎಂದರೆ ನೈಲಾನು, ಅದಕ್ಕೆ ಆರೈಕೆ ಬೇಡ. ಪಾಂಡುವಿನ ಅಪ್ಪನ ಕಾಲದಲ್ಲಿ ಬಲೆ ಎಂದರೆ ಹತ್ತಿಯ ನೂಲು. ಹಾಗೇ ಸಮುದ್ರಕ್ಕೆ ಬಿಟ್ಟರೆ ಉಪ್ಪುನೀರಿಗೆ ಕೊಳೆಯುತ್ತಿತ್ತು. ಅದಕ್ಕೆ ಮತ್ತಿ ಮರದ ತೊಗಟೆಯನ್ನು ಕೊಪ್ಪರಿಗೆಯಲ್ಲಿ ಕುದಿಸಿ, ಆ ಕೆಂಪುನೀರಿನಲ್ಲಿ ಹೊಸ ಬಲೆಯನ್ನು ಬೇಯಿಸಿ ತೆಗೆಯುತ್ತಿದ್ದರು. ಬೆಂದ ಬಲೆ ಸ್ವಲ್ಪ ಕುಗ್ಗುತ್ತದೆ, ಆದ್ದರಿಂದ ಹೆಣೆಯುವಾಗಲೇ ಮುಂದಾಲೋಚನೆಯಿಂದ ದೊಡ್ಡದಾಗಿ ಹೆಣೆಯಬೇಕು. ಬೇಯಿಸದ ಬಲೆ ಎಂದರೆ ಆ ಕಾಲದವರಿಗೆ ಬೇಯಿಸದ ಅನ್ನ. ನೈಲಾನು ಬಂದ ಮೇಲೆ ಕೊಪ್ಪರಿಗೆ ಮನೆಯ ಹಿತ್ತಿಲಲ್ಲಿ ಒರಗಿ ಬಿದ್ದು, ಅದರೊಳಗೆ ಕೋಳಿ ಮೊಟ್ಟೆ ಇಡುತ್ತಿತ್ತು. ಇಷ್ಟು ವರ್ಷದ ಮೇಲೆ ನೈಲಾನಲ್ಲದ ಒಂದು ನೂಲು ಪಾಂಡುವಿನ ಕೈಗೆ ಸಿಕ್ಕಿದೆ. ಅವನು ಬೇಯಿಸದೆ ಬಿಡುತ್ತಾನೆಯೇ?

ರೈಲಿಗೆ ಎರಡು ದಿನ ಇರುವಾಗ, ಸೀತು ಮಾರ್ಕೆಟ್ಟಿಗೆ, ಪೂಜಿತಾ ಪರೇಡಿಗೆ ಹೋದ ಹೊತ್ತು ನೋಡಿ ಪಾಂಡು ಕೋಳಿಯನ್ನು ಎಬ್ಬಿಸಿ ಕೊಪ್ಪರಿಗೆಯನ್ನು ಒಲೆಗೇರಿಸಿದ. ತೊಗಟೆ ಕುದಿಯಿತು. ಟೊಪ್ಪಿಯನ್ನು ಇಳಿಸಿ, ಬಲೆಗೆ ಮಾಡುವ ಹಾಗೆಯೇ ಕೋಲಿನಿಂದ ಗುದ್ದಿ ತಿರುವಿದ. ಬಲೆಯಾದರೆ ಒಂದು ಮಾರಿಗೆ ನಾಲ್ಕು ಬೆರಳು ಕುಗ್ಗಬೇಕು. ಇದು ಮರ್ಯಾದೆ ಮೀರಿ ಕುಗ್ಗತೊಡಗಿತು. ಪಾಂಡು ಬೀಡಿ ಹಚ್ಚಲು ಆಚೆ ತಿರುಗಿ ಈಚೆ ನೋಡುವಷ್ಟರಲ್ಲಿ ಅರ್ಧ ಆಗಿತ್ತು.

"ಹ್ವಾಯ್, ತೆಗಿ ಮಾರಾಯ," ಎಂದ ಬೇಲಿಯ ಆಚೆಯಿಂದ ಚಂದಯ್ಯ. "ಇನ್ನೊಂಚೂರ್ ಬೆಂದ್ರೆ ಬಟ್ಟಲಡ್ಕಿಗೆ ಆಯ್ಕಷ್ಟೆ."

ಕೊಪ್ಪರಿಗೆಗೆ ಇಳಿದದ್ದು ಮೀನಿನ ಬುಟ್ಟಿ, ಮೇಲೆ ಬಂದದ್ದು ಸಿಪ್ಪೆ ಸುಲಿದ ತೆಂಗಿನಕಾಯಿ. ಬಣ್ಣವೂ ಅದೇ, ಜುಂಗೂ ಅದೇ. ಪಾಂಡು ಓಡಿಹೋಗಿ ಬಲೆ ತೇಲಲೆಂದು ಕಟ್ಟುವ ಪ್ಲಾಸ್ಟಿಕ್ ಬುರುಡೆಯನ್ನು ತಂದ. ಅದು ಸುಮಾರು ಮನುಷ್ಯನ ತಲೆಯಷ್ಟೇ ದಪ್ಪ. ಬಿಸಿ ಆರುವ ಮೊದಲೇ ಟೊಪ್ಪಿಯನ್ನು ಅದಕ್ಕೆ ಏರಿಸಲು ಪಾಂಡು ಒಂದು ಕಡೆ, ಚಂದಯ್ಯ ಒಂದು ಕಡೆ, ಹೆಬ್ಬೆರಳು ಮಧ್ಯದಲ್ಲಿ, ಹಗ್ಗಜಗ್ಗಾಟ ಮಾಡಿದರು. ಅಂತೂ ಬುರುಡೆ ಒಳಗೆ ಹೋಯಿತು. ಅದನ್ನು ಬಿಸಿಲಿಗಿಟ್ಟು ಇಬ್ಬರೂ ಕಾವಲು ಕೂತರು.

ಸಂಜೆ ಪೂಜಿತಾ ಬಂದಾಗ ಟೊಪ್ಪಿ ಒಣಗಿತ್ತು. ತಲೆಯ ಅಳತೆ ಹೇಗೋ ಉಳಿದಿತ್ತು. ಆದರೆ ಮುಖದ ಕಿಟಕಿ ಮುಚ್ಚಿ ಹೋಗಿ ಒಂದು ನಾಣ್ಯದಷ್ಟೇ ತೂತು ಇತ್ತು. ಹುಡುಗಿ ಹಾಕಿ ನೋಡಿದಳು. ಮೂಗು ಮಾತ್ರ ಹೊರಗೆ ಬಂತು. ಆ ಮೂಗು ಅತ್ತ ಇತ್ತ ತಿರುಗಿ ಏನೂ ಕಾಣದೆ ಹಿಂದೆ ಸರಿಯಿತು.

ಅವಳು ಟೊಪ್ಪಿ ತೆಗೆದು ಅಜ್ಜನ ಮಡಿಲಲ್ಲಿಟ್ಟಳು. ಒಳಗೆ ಹೋಗಿ, ಕಿಟಕಿಯಲ್ಲಿದ್ದ ಬಿಳಿ ಶೂಗಳನ್ನು ತೆಗೆದು ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿದಳು.

ಮುಚ್ಚಳದ ಸದ್ದು ಪಾಂಡುವಿಗೆ ಕೇಳಿತು. ಅವತ್ತು ಚಂದಯ್ಯ ಕೂಡ ಬಾಯಿ ಬಿಡಲಿಲ್ಲ ಎಂದರೆ ನೀವೇ ಲೆಕ್ಕ ಹಾಕಿ. ಬೇರೆ ಉಣ್ಣೆ ಇಲ್ಲ, ದಿನವೂ ಇಲ್ಲ. ಪಾಂಡು ಸೊಂಟದಿಂದ ಬಲೆ ಕೊಯ್ಯುವ ಚೂರಿ ತೆಗೆದ.

"ಪೂಜಿ, ಟೀಚರಮ್ಮಂಗೆ ಫೋನ್ ಮಾಡ್. ಕೊಯ್ಲಕ್ಕಾ ಕೇಣ್."

ಪೂಜಿತಾ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಹಿಡಿದಳು. ಪಂಕಜಾಕ್ಷಿಯಮ್ಮನ ಸ್ವರ ಹಿತ್ತಿಲು ತುಂಬಿತು.

"ಕೊಯ್ಯುದಾ? ಹೆಣೆದದ್ದನ್ನು ಕೊಯ್ಯುದುಂಟಾ ಪಾಂಡು? ಪೂರ್ತಿ ಬಿಚ್ಚಿ ಹೋಗ್ತದೆ. ಚೂರಿ ಕೆಳಗಿಡಿ."

"ಆಯ್ತಮ್ಮ," ಎಂದ ಪಾಂಡು. ಅಷ್ಟರಲ್ಲಿ ಕೊಯ್ದಾಗಿತ್ತು.

ಎಲ್ಲರೂ ಟೊಪ್ಪಿಯನ್ನೇ ನೋಡಿದರು. ಎಳೆ ಬಿಚ್ಚುತ್ತದೆ ಎಂದು ಕಾದರು. ಚಂದಯ್ಯ ಅಂಚು ಹಿಡಿದು ಎಳೆದೂ ನೋಡಿದ. ಏನೂ ಬಿಚ್ಚಲಿಲ್ಲ.

"ಬಿಚ್ಚಿತಾ?" ಎಂದಿತು ಫೋನು.

"ಇಲ್ಲ ಟೀಚರ್."

"ಇಲ್ವಾ?" ಎಂದಿತು ಫೋನು. "ಪಾಂಡು, ಬಿಸಿನೀರು ಮುಟ್ಟಿಸಿದ್ರಾ?"

ಪಾಂಡು ಆಕಾಶ ನೋಡಿದ. ಕೋಳಿ ಅವನನ್ನು ನೋಡಿತು.

"ಒಂಚೂರ್," ಎಂದ.

"ಒಂಚೂರಲ್ಲ, ಕುದಿಸಿದ್ದೀರಿ. ಉಣ್ಣೆ ಕುದಿಸಿ ಗುದ್ದಿದ್ರೆ ಎಳೆ ಎಳೆ ಕಚ್ಚಿಕೊಂಡು ಕಂಬಳಿ ಆಗ್ತದೆ. ಇನ್ನು ಅದನ್ನು ಯಾರಿಂದಲೂ ಬಿಚ್ಚಲಿಕ್ಕಾಗುದಿಲ್ಲ. ಕೊಯ್ಯಿ ಇನ್ನು, ನಿಮಗೆ ಬೇಕಾದ ಹಾಗೆ."

ಪಾಂಡು ಅಂಚನ್ನು ಮೀನಿನ ಕಿವಿರಿನ ಹಾಗೆ ದುಂಡಗೆ ಕೊಯ್ದು ಪೂಜಿತಾಳ ತಲೆಗೆ ಹಾಕಿದ. ಎರಡು ಕಣ್ಣು, ಒಂದು ಮೂಗು, ಒಂದು ಬಾಯಿ, ಎಲ್ಲ ಅವರವರ ಜಾಗದಲ್ಲಿ ಕಂಡವು. ಬಾಯಿ ನಗುತ್ತಿತ್ತು.

"ಗಂಟ್ ಇಲ್ದಿರೂ ಬಿಚ್ಚುದಿಲ್ಲ," ಎಂದ ಪಾಂಡು ಚಂದಯ್ಯನಿಗೆ. "ಬೇಯ್ಸಿದ್ದ್ ಅದ್ಕೇ. ನಂಗೆ ಮೊದ್ಲೇ ಗೊತ್ತಿತ್ತ್."

"ಗೊತ್ತಿತ್ತ್, ಗೊತ್ತಿತ್ತ್. ಕೋಳಿಗೂ ಗೊತ್ತಿತ್ತ್."

ಸೀತು ಮಾರ್ಕೆಟ್ಟಿನಿಂದ ಬಂದು ಕೈಕಾಲು ತೊಳೆದು ಟೊಪ್ಪಿಯನ್ನು ಬಾಯಿಗೆ ಹಿಡಿದಳು. ಊದಿದಳು. ಆಚೆ ಹಿಡಿದ ಅಂಗೈಗೆ ಏನೂ ತಗುಲಲಿಲ್ಲ. ಸೆರಗು ಸಿಕ್ಕಿಸಿ, ಕೆನ್ನೆ ಉಬ್ಬಿಸಿ, ಇನ್ನೊಮ್ಮೆ ಊದಿದಳು. ಹೋದ ಉಸಿರು ದಾರಿ ಕಾಣದೆ ತಿರುಗಿ ಬಂದು ಅವಳ ಕುಂಕುಮವನ್ನೇ ಹಾರಿಸಿತು. ಬೆಕ್ಕು ಕಣ್ಣು ಬಿಡಲಿಲ್ಲ.

ಪೂಜಿತಾ ಶೂ ಡಬ್ಬಿಯ ಕಡೆ ಒಂದು ಹೆಜ್ಜೆ ಇಟ್ಟಳು.

"ನಿಲ್ಲ್," ಎಂದಳು ಸೀತು. "ನನ್ನುಸ್ರ್ ಬೇರೆ, ಹಿಮಾಲಯ ಬೇರೆ. ನಾಳೆ ಬೆಳಿಗ್ಗೆ ಐಸ್ ಪ್ಲಾಂಟಿಗೆ ಬನಿ. ನಾನೇ ಹಾಕಂಡ್ ಕಾಂತೆ."

ಕುಂದಾಪುರದಿಂದ ಬೈಂದೂರಿನವರೆಗೆ ಮೇ ತಿಂಗಳಿನಲ್ಲಿ ಚಳಿ ಸಿಗುವ ಜಾಗವೆಂದರೆ ಬಂದರಿನ ಐಸ್ ಪ್ಲಾಂಟ್ ಒಂದೇ. ಮೀನಿಗೆ ಹಾಕುವ ಮಂಜುಗಡ್ಡೆಯ ಹಾಸುಗಳನ್ನು ಅಲ್ಲಿ ಒಂದು ಕೋಣೆಯಲ್ಲಿ ಗೋಡೆಯ ಹಾಗೆ ಪೇರಿಸಿಟ್ಟಿರುತ್ತಾರೆ. ಆ ಕೋಣೆಯಲ್ಲಿ ಮಾತಾಡಿದರೆ ಮಾತು ಹೆಪ್ಪುಗಟ್ಟಿ ಕೆಳಗೆ ಬೀಳುತ್ತದೆ, ಹೊರಗೆ ತಂದು ಬಿಸಿಲಿಗಿಟ್ಟ ಮೇಲೆಯೇ ಕೇಳಿಸುವುದು. ಪ್ಲಾಂಟ್ ನೋಡಿಕೊಳ್ಳುವ ಜಿತೇಂದ್ರ ಸೀತುವನ್ನು ಕಂಡು, ಐಸ್ ಬೇಕಾ ಎಂದು ಕೇಳಿದ.

"ಐಸ್ ಬ್ಯಾಡ, ಕೂಕಂಬುಕೆ ಜಾಗ ಬೇಕ್."

ಟೊಪ್ಪಿ ಹಾಕಿ, ಬುಟ್ಟಿ ಕೆಳಗಿಟ್ಟು, ಸೀತು ಒಳಗೆ ಹೋದಳು. ಮಗಳ ತಲೆಯೂ ಅವಳ ತಲೆಯೂ ಒಂದೇ ಅಚ್ಚಿನವು, ಗಟ್ಟಿತನದಲ್ಲೂ. ಜಿತೇಂದ್ರ ಬಾಗಿಲು ಎಳೆದ. ಹೊರಗೆ ಪಾಂಡು, ಪೂಜಿತಾ, ಚಂದಯ್ಯ ನಿಂತರು. ಸ್ವಲ್ಪ ಹೊತ್ತಿನಲ್ಲಿ ಬೈದುಕೊಂಡು ಬರುತ್ತಾಳೆ ಎಂದುಕೊಂಡಿದ್ದರು. ಬರಲಿಲ್ಲ. ಒಂದು ಚಾ ಕುಡಿದು ಮುಗಿಯಿತು, ಬರಲಿಲ್ಲ. ಪಾಂಡು ಬಾಗಿಲು ತಟ್ಟಿದ. ಉತ್ತರವಿಲ್ಲ.

"ಸೀತು. ಹ್ವಾಯ್ ಸೀತು."

"ಒಳ್ಗೆ ಹೆಚ್ಚ್ ಹೊತ್ ಯಾರೂ ಕೂಕಂತಿಲ್ಲೆ ಮಾರಾಯ್ರೆ," ಎಂದ ಜಿತೇಂದ್ರ, ಸ್ವರ ಸಣ್ಣ ಮಾಡಿ.

ಪಾಂಡುವಿನ ಮುಖ ಒಳಗಿನ ಐಸಿಗಿಂತ ಬೆಳ್ಳಗಾಯಿತು. ಬಾಗಿಲು ತೆರೆದು ಎಲ್ಲರೂ ನುಗ್ಗಿದರು. ಸೀತು ಒಂದು ಐಸ್ ಹಾಸಿನ ಮೇಲೆ ಗೋಣಿ ಹಾಕಿ, ಅದರ ಮೇಲೆ ಕೂತು, ಕೈಕಟ್ಟಿ, ಕಣ್ಣು ಮುಚ್ಚಿಕೊಂಡಿದ್ದಳು. ಪೂಜಿತಾ "ಅಮ್ಮ" ಎಂದು ಕೂಗಿದಳು. ಚಂದಯ್ಯ ಕೂಗಿದ. ಅಲ್ಲಾಡಲಿಲ್ಲ. ಪಾಂಡು ಭುಜ ಮುಟ್ಟಿದ.

ಸೀತು ಒಂದು ಕಣ್ಣು ತೆರೆದಳು.

"ಎಂತ?"

"ಎಂತ ಅಂದ್ರೆ? ಕೂಗಿ ಕೂಗಿ ಸಾಕಾಯ್ತಲ್ಲೆ."

ಸೀತು ಟೊಪ್ಪಿಯನ್ನು ಕಿವಿಯಿಂದ ಸ್ವಲ್ಪ ಎತ್ತಿದಳು. "ಕೂಗಿದ್ರ್ಯಾ? ನಂಗೆಂತ ಕೇಂತಿಲ್ಲೆ ಮಾವ. ಕಾಲ್ ಮರಗಟ್ಟಿತ್, ಸೊಂಟ ಮರಗಟ್ಟಿತ್. ಕೆಮಿ ಮಾತ್ರ ಬಚ್ಚಲ ಒಲಿ ಹತ್ರ ಇದ್ದಂಗೆ ಇತ್ತ್." ಸೊಂಟ ತಿಕ್ಕಿಕೊಂಡು ಹೇಳಿದಳು, "ಮದ್ವಿ ಆದ್ ಮೇಲೆ ಇಷ್ಟ್ ನಿಶ್ಶಬ್ದ ಇವತ್ತೇ ಕಂಡದ್ದ್."

"ಹಾಂಗಾರೆ ನಾ ಹೋಯ್ಲಕ್ಕಾ?" ಎಂದಳು ಪೂಜಿತಾ.

"ಅದೇ ನಾ ಯೋಚ್ನಿ ಮಾಡುದ್. ಇದ್ ಹಾಕಂಡ್ರೆ ಅಲ್ಲಿ ಸಾಹೇಬ್ರ್ ಕರ್ದದ್ದ್ ನಿಂಗೆ ಹ್ಯಾಂಗ್ ಕೇಂತ್?"

"ಟೊಪ್ಪಿ ಇಲ್ದೇ ನೀ ಕರ್ದದ್ದ್ ಅವ್ಳಿಗೆ ಯಾವತ್ತ್ ಕೇಣಿತ್ತ್?" ಎಂದ ಪಾಂಡು.

ಸೀತು ಗೋಣಿಯಿಂದ ಎದ್ದಳು. "ಹೋಯ್ಲಿ," ಎಂದಳು.

ಪೂಜಿತಾ ಶೂ ಡಬ್ಬಿ ತೆರೆಯಲು ಮನೆಗೆ ಓಡಿದಳು. ಆದರೆ ಸೀತು ಟೊಪ್ಪಿ ತೆಗೆಯಲಿಲ್ಲ. ಹಾಗೆಯೇ ಬುಟ್ಟಿ ಹಿಡಿದು ಮಾರ್ಕೆಟ್ಟಿಗೆ ಹೋದಳು. ಮೇ ತಿಂಗಳು, ರಸ್ತೆಯ ಡಾಂಬರು ಕರಗುತ್ತಿದೆ, ಮತ್ತಿ ತೊಗಟೆಯ ಬಣ್ಣದ ಮುಸುಕಿನೊಳಗೆ ಸೀತು ಬೂತಾಯಿ ಮೀನಿನ ರಾಶಿಯ ಮುಂದೆ ಕೂತಿದ್ದಾಳೆ. ಗಿರಾಕಿಗಳು ಬಂದರು. ರೇಟು ಕೇಳಿದರು. ಸೀತು ತನ್ನ ರೇಟು ಹೇಳಿದಳು. ಅವರು ಕಡಿಮೆಗೆ ಕೇಳಿದರು. ಸೀತುವಿಗೆ ಕೇಳಲಿಲ್ಲ. ಅವರು ಇನ್ನೂ ಗಟ್ಟಿಯಾಗಿ ಕಡಿಮೆಗೆ ಕೇಳಿದರು. ಸೀತು ಪ್ರಸನ್ನವದನೆಯಾಗಿ ಮೀನು ತೂಗಿ ಚೀಲಕ್ಕೆ ಹಾಕಿ, ಮೊದಲು ಹೇಳಿದ ರೇಟನ್ನೇ ಮತ್ತೆ ಹೇಳಿದಳು. ಕೇಳದವಳ ಹತ್ತಿರ ಎಷ್ಟು ಹೊತ್ತು ಚೌಕಾಸಿ ಮಾಡುವುದು? ಕುಂದಾಪುರ ಮಾರ್ಕೆಟ್ಟು ಹುಟ್ಟಿದಂದಿನಿಂದ ಚೌಕಾಸಿಯಿಲ್ಲದೆ ಬುಟ್ಟಿ ಖಾಲಿಯಾದದ್ದು ಅವತ್ತೇ ಎಂದು ನಾನು ಹೇಳುತ್ತೇನೆ, ಸುಳ್ಳೆನ್ನುವವರು ಬೇರೆ ಸಾಕ್ಷಿ ತರಲಿ.

ಮರುದಿನ ಕುಂದಾಪುರದ ರೈಲು ನಿಲ್ದಾಣಕ್ಕೂ ಅವಳು ಟೊಪ್ಪಿ ಹಾಕಿಕೊಂಡೇ ಬಂದಳು.

"ಅಮ್ಮ, ಟೊಪ್ಪಿ," ಎಂದಳು ಪೂಜಿತಾ, ಕೈಯಿಂದ ತೋರಿಸಿ.

"ರೈಲ್ ಬರ್ಲಿ. ಗಾಳಿ ಇತ್ತಾ ಇಲ್ಯಾ ಇನ್ನೂ ಕಾಂತಾ ಇದ್ದೆ."

ರೈಲು ಬಂತು. ಪೂಜಿತಾ ಹತ್ತಿದಳು. ಸೀತು ಟೊಪ್ಪಿಯನ್ನು ಎರಡೂ ಕೈಯಿಂದ ಕಳಚಿ, ಬೆವರು ಒರೆಸಿ, ಕಿಟಕಿಯ ಸರಳಿನ ಸಂದಿನಿಂದ ಒಳಗೆ ತುರುಕಿದಳು.

"ಈಗ್ಲೇ ಹಾಕೊ."

"ಅಮ್ಮ, ಸೆಕಿ."

"ಹಾಕೊ ಅಂದೆ."

ಬಿಳಿ ಶೂ, ಎನ್‌ಸಿಸಿ ಅಂಗಿ, ತೆಂಗಿನಕಾಯಿಯಂಥ ತಲೆ. ಹುಡುಗಿ ಬೈಂದೂರು ದಾಟುವ ತನಕ ಹಾಗೆಯೇ ಇದ್ದಳಂತೆ. ಬೋಗಿಯ ಜನ ಅವಳಿಗೆ ಇಡೀ ಒಂದು ಸೀಟು ಬಿಟ್ಟುಕೊಟ್ಟರಂತೆ.

ಅದಾದ ಮೇಲೆ ಪಾಂಡುವಿಗೆ ನೆಮ್ಮದಿ ಇಲ್ಲ. "ನಂಗೊಂದ್ ಬೇಕ್ ಮಾವ, ಇನ್ನೂ ದಪ್ಪ ಬೇಯ್ಸಿದ್ದ್," ಎಂದು ಸೀತು ಹಠ ಹಿಡಿದಳು. ಮೀನು ಮಾರುವ ಬೇರೆ ಹೆಂಗಸರೂ ಒಬ್ಬೊಬ್ಬರಾಗಿ ಬಲೆಶೆಡ್ಡಿಗೆ ಬಂದು ತಮ್ಮ ತಲೆಯ ಅಳತೆ ಕೊಟ್ಟು ಹೋದರು. ಉಣ್ಣೆಯನ್ನು ಪಂಕಜಾಕ್ಷಿಯಮ್ಮ ಡೆಹ್ರಾಡೂನಿನಿಂದ ಅಂಚೆಯಲ್ಲಿ ತರಿಸಿಕೊಟ್ಟರು, ಆದರೂ ಸಾಲಿಗ್ರಾಮದಲ್ಲಿ ವಿಷ್ಣುಮೂರ್ತಿಗಳು ಪಾಂಡು ಗೇಟಿನ ಹತ್ತಿರ ಕಂಡರೆ ಶಾಲನ್ನು ಹೊದ್ದುಕೊಂಡೇ ಕುಳಿತುಕೊಳ್ಳುತ್ತಾರೆ, ಮೇ ತಿಂಗಳಲ್ಲಿ.

ಶಿಬಿರಕ್ಕೆ ಹೋದ ಪೂಜಿತಾಳಿಂದ ಸುದ್ದಿ ಇರಲಿಲ್ಲ. ಬೆಟ್ಟದಲ್ಲಿ ನೆಟ್‌ವರ್ಕ್ ಇಲ್ಲ. ಸೀತು ಬುಟ್ಟಿ ಹೊತ್ತು ಹೋಗುವಾಗ ಬರುವಾಗ ಫೋನು ನೋಡುತ್ತಿದ್ದಳು. ಪಾಂಡು ಹೆಣಿಗೆಯ ಮೇಲೆ ಕಣ್ಣಿಟ್ಟು ಕಿವಿಯನ್ನು ಫೋನಿನ ಮೇಲಿಟ್ಟಿದ್ದ. ಒಂದು ಮಧ್ಯಾಹ್ನ ಬಲೆಶೆಡ್ಡಿನಲ್ಲಿ ಎಲ್ಲರೂ ಇರುವಾಗ ಅದು ಬಡಿಯಿತು.

"ಪೂಜೀ, ಕೆಮಿ ನೋಯ್ತಾ?" ಎಂದಳು ಸೀತು ಮೊದಲೇ.

"ಎಂತ?" ಎಂದಿತು ಫೋನು. ಹಿಂದೆ ಗಾಳಿ ಹುಯ್ಯೆನ್ನುತ್ತಿತ್ತು.

"ಕೆಮಿ. ಕೆಮಿ ನೋಯ್ತಾ?"

"ಅಮ್ಮ, ಕೇಂತಿಲ್ಲೆ. ಎಂತ ಹೇಳುದ್ ನೀನ್?"

"ಕೆಮಿ ಹ್ಯಾಂಗಿತ್ತ್ ಹೆಣ್ಣೆ?" ಸೀತು ಕೂಗಿದ ಬಿರುಸಿಗೆ ಕಟ್ಟೆಯ ಮೇಲಿದ್ದ ಕಾಗೆಗಳೆಲ್ಲ ಮರವಂತೆಯ ಕಡೆ ಹಾರಿದವು.

"ಒಂದೂ ಕೇಂತಿಲ್ಲಮ್ಮ."

ಸೀತು ಫೋನು ಇಟ್ಟಳು. ಪಾಂಡುವೂ ಚಂದಯ್ಯನೂ ಅವಳ ಮುಖ ನೋಡಿದರು.

"ಎಂತಂಬ್ರ್?" ಎಂದ ಪಾಂಡು. ಹೆಬ್ಬೆರಳಿನ ಉಣ್ಣೆ ಸಡಿಲವಾಗಿತ್ತು.

"ಟೊಪ್ಪಿ ಹಾಕಂಡಿದ್ಲ್," ಎಂದು ಸೀತು ಬುಟ್ಟಿ ಎತ್ತಿ ಸಿಂಬಿಯ ಮೇಲಿಟ್ಟುಕೊಂಡಳು. "ನಂದ್ ಎಲ್ಲಿಗ್ ಮುಟ್ಟಿತ್ ಮಾವ? ಕೆಮಿ ಹತ್ರ ದಪ್ಪ ಇರ್ಲಿ."